ಎಐ ಇಟ್ಟುಕೊಂಡೇ ಓದಿದ್ದು ತಲೆಗೆ ಹತ್ತಬೇಕಾದರೆ: ಮೈಸೂರು, ಮಂಡ್ಯದ ವಿದ್ಯಾರ್ಥಿಗಳಿಗೊಂದು ಮಾರ್ಗದರ್ಶಿ

ಪರೀಕ್ಷೆ ಹತ್ತಿರ ಬಂದಾಗಲೆಲ್ಲ ನನಗೆ ಬರುವ ಪ್ರಶ್ನೆ ಒಂದೇ. "ಸರ್, ಎಐ ಹತ್ರ ಕೇಳಿ ಓದಿದಾಗ ಎಲ್ಲಾ ಅರ್ಥ ಆಗುತ್ತೆ. ಇಂಟರ್ನಲ್ಸ್‌ನಲ್ಲಿ ಪೇಪರ್ ಮುಂದೆ ಕೂತ್ರೆ ಏನೂ ಬರಲ್ಲ. ಬಿಟ್ಟುಬಿಡ್ಲಾ?" ಕೇಳುವವರಲ್ಲಿ ಮಂಡ್ಯದ ಪಿಯು ಮಕ್ಕಳಿದ್ದಾರೆ, ಮೈಸೂರಿನ ಎಂಜಿನಿಯರಿಂಗ್ ಹುಡುಗರಿದ್ದಾರೆ, ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬದವರೂ ಇದ್ದಾರೆ.

ಬಿಡಬೇಕಾಗಿಲ್ಲ. ಆದರೆ ಬಳಸುವ ಕ್ರಮ ಬದಲಾಗಬೇಕು. ಮೊದಲು ನಿಮ್ಮ ಕೈ, ಆಮೇಲೆ ಎಐ, ಕೊನೆಗೆ ಮತ್ತೆ ನಿಮ್ಮ ಕೈ. ಈ ಕ್ರಮ ತಲೆಕೆಳಗಾದರೆ ಏನಾಗುತ್ತೆ ಅನ್ನುವುದಕ್ಕೆ ಒಂದು ಒಳ್ಳೆಯ ಪುರಾವೆ ಇದೆ.

ಟರ್ಕಿಯಲ್ಲಿ ಸುಮಾರು 1,000 ಹೈಸ್ಕೂಲ್ ಮಕ್ಕಳಿಗೆ ಗಣಿತ ಅಭ್ಯಾಸ ಮಾಡಿಸಿ ನೋಡಿದರು. ಒಂದು ಗುಂಪಿಗೆ ಮಾಮೂಲಿ ಎಐ ಚಾಟ್ ಕೊಟ್ಟರು. ಇನ್ನೊಂದು ಗುಂಪಿಗೆ ಉತ್ತರ ಹೇಳದೆ ಸುಳಿವು ಮಾತ್ರ ಕೊಡುವ ಹಾಗೆ ಕಟ್ಟಿದ ಎಐ. ಮೂರನೆಯವರಿಗೆ ಪುಸ್ತಕ, ನೋಟ್ಸ್ ಅಷ್ಟೇ. ಅಭ್ಯಾಸದ ಹೊತ್ತಿನಲ್ಲಿ ಮೊದಲ ಗುಂಪು ಪುಸ್ತಕದವರಿಗಿಂತ 48% ಚೆನ್ನಾಗಿ ಮಾಡಿತು, ಸುಳಿವಿನ ಗುಂಪು 127%. ಆಮೇಲೆ ಎಐ ಕಿತ್ತುಕೊಂಡು ಪರೀಕ್ಷೆ ಕೊಟ್ಟರು. ಮಾಮೂಲಿ ಚಾಟ್ ಬಳಸಿದವರು ಎಐ ಮುಟ್ಟದೇ ಇದ್ದವರಿಗಿಂತ 17% ಕಡಿಮೆ ತೆಗೆದರು. ಸುಳಿವಿನ ಗುಂಪಿಗೆ ಆ ಪೆಟ್ಟು ಹೆಚ್ಚುಕಡಿಮೆ ಬೀಳಲೇ ಇಲ್ಲ. ಇನ್ನೂ ಒಂದು ವಿಷಯ: ಪೆಟ್ಟು ತಿಂದವರಿಗೆ ತಾವು ಕಡಿಮೆ ಕಲಿತಿದ್ದೇವೆ ಅನ್ನುವುದೇ ಗೊತ್ತಿರಲಿಲ್ಲ. ನಿಮಗೆ "ಎಲ್ಲಾ ಅರ್ಥ ಆಗುತ್ತೆ" ಅನ್ನಿಸುವುದೂ ಇದೇ ಕಾರಣಕ್ಕೆ. ಆಲೆಮನೆಯಲ್ಲಿ ನಿಂತು ನೋಡಿದವರಿಗೆಲ್ಲ ಬೆಲ್ಲದ ಪಾಕದ ಹದ ಗೊತ್ತಾಗುವುದಿಲ್ಲ. ಕೊಪ್ಪರಿಗೆ ಮುಂದೆ ಬೆವರು ಸುರಿಸಿ ತಿರುವಿದವನಿಗೆ ಮಾತ್ರ ಗೊತ್ತಾಗುವುದು.

ಏನೇನು ಬೇಕು?

ಒಂದು ರಫ್ ನೋಟ್‌ಬುಕ್, ಪೆನ್, ನಿಮ್ಮ ಪಠ್ಯಪುಸ್ತಕ, ಗಡಿಯಾರ. ಎಐ ಯಾವುದಾದರೂ ಸರಿ, ಪುಕ್ಕಟೆ ಸಿಗುವುದೇ ಸಾಕು. ದುಡ್ಡು ಕೊಟ್ಟು ತಗೊಂಡರೆ ಜಾಸ್ತಿ ಕಲಿಯುತ್ತೇವೆ ಅನ್ನುವ ಭ್ರಮೆ ಬೇಡ. ಗಡಿಯಾರ ಗೋಡೆದೋ ಕೈದೋ ಇರಲಿ. ಟೈಮ್ ನೋಡಲು ಫೋನ್ ತೆಗೆದವರು ಟೈಮ್ ಮಾತ್ರ ನೋಡಿ ಇಟ್ಟಿದ್ದನ್ನು ನಾನಂತೂ ಕಂಡಿಲ್ಲ.

ಹಂತ 1: ಯಾವುದು ಕಲಿಕೆ, ಯಾವುದು ಬರೀ ಕೆಲಸ?

ಕೂರುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಇದನ್ನು ಮುಂದೊಂದು ದಿನ ಫೋನ್ ಇಲ್ಲದೆ ನನ್ನ ಕೈಯಲ್ಲಿ ಮಾಡಿಸುತ್ತಾರಾ? ಹೌದು ಅಂದರೆ ಅದು ಕಲಿಕೆ, ನೀವೇ ಮಾಡಬೇಕು. ಇಲ್ಲ ಅಂದರೆ ಎಐಗೆ ಕೊಡಿ, ತಲೆ ಕೆಡಿಸಿಕೊಳ್ಳಬೇಡಿ.

ಲ್ಯಾಬ್ ರೆಕಾರ್ಡ್ ತೆಗೆದುಕೊಳ್ಳಿ. ರೀಡಿಂಗ್‌ನಿಂದ ಲೆಕ್ಕ ಮಾಡುವುದು, ಗ್ರಾಫ್ ಯಾಕೆ ಹಾಗೆ ಬಾಗಿದೆ ಅಂತ ಬರೆಯುವುದು ಕಲಿಕೆ. ವೈವಾದಲ್ಲಿ ಕೇಳುವುದು ಅದನ್ನೇ. ಪ್ರಾಜೆಕ್ಟ್ ರಿಪೋರ್ಟ್‌ನ ಮೊದಲ ಪುಟ, ಪರಿವಿಡಿ, ಅಕ್ಷರದ ಅಳತೆ ಸರಿಮಾಡುವುದು ಬರೀ ಕೆಲಸ. ಬಿ.ಕಾಂ.ನವರಿಗೆ ಜರ್ನಲ್ ಎಂಟ್ರಿ ಹಾಕುವುದು ಕಲಿಕೆ, ಎಕ್ಸೆಲ್ ಶೀಟಿಗೆ ಬಣ್ಣ ಗೆರೆ ಹಾಕುವುದು ಬರೀ ಕೆಲಸ.

ಎಚ್ಚರ: "ನೋಟ್ಸ್ ಮಾಡುವುದು ಬರೀ ಕೆಲಸ ಅಲ್ವಾ ಸರ್?" ಅಂತ ಕೇಳುವವರು ಬಹಳ. ಅಲ್ಲ. ಒಂದು ಪಾಠದಲ್ಲಿ ಯಾವುದು ಮುಖ್ಯ, ಯಾವುದನ್ನು ಬಿಡಬಹುದು ಅಂತ ತೀರ್ಮಾನಿಸುವುದೇ ಅರ್ಧ ಓದು. ಪಿಡಿಎಫ್ ಹಾಕಿ "ಸಾರಾಂಶ ಕೊಡು" ಅಂದಾಗ ಆ ತೀರ್ಮಾನ ಎಐ ಮಾಡಿರುತ್ತೆ, ನಿಮಗೆ ಸಿಗುವುದು ಅಚ್ಚುಕಟ್ಟಾದ ಎರಡು ಪುಟ ಮಾತ್ರ.

ಹಂತ 2: ಮೊದಲ ಇಪ್ಪತ್ತು ನಿಮಿಷ ಒಬ್ಬರೇ

ಫೋನ್ ಇನ್ನೊಂದು ರೂಮಿನಲ್ಲಿಡಿ. ಪ್ರಶ್ನೆ ಓದಿ, ಬರೆಯಲು ಶುರು ಮಾಡಿ. ತಪ್ಪಾಗಲಿ, ಅರ್ಧಕ್ಕೆ ನಿಲ್ಲಲಿ, ಪರವಾಗಿಲ್ಲ.

ನಮ್ಮೂರ ಲೆಕ್ಕವನ್ನೇ ನೋಡೋಣ. ಮಳೆಗಾಲದಲ್ಲಿ ಪೇಪರ್ ತೆಗೆದರೆ ಕೆಆರ್‌ಎಸ್ ಮಟ್ಟ ಇರುತ್ತೆ. ಗರಿಷ್ಠ 124.80 ಅಡಿ, ಇವತ್ತು ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಒಳಹರಿವು 8,000 ಕ್ಯೂಸೆಕ್, ಹೊರಹರಿವು 3,000 ಕ್ಯೂಸೆಕ್ ಹೀಗೇ ಇದ್ದರೆ, ಅಣೆಕಟ್ಟಿಗೆ ಇನ್ನೂ 5 ಟಿಎಂಸಿ ನೀರು ಸೇರಲು ಎಷ್ಟು ದಿನ ಬೇಕು? ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಇಷ್ಟು ಗೊತ್ತಿದ್ದರೆ ಸಾಕು.

ಇದನ್ನು ಮಾಡಲು ಕೂತವರಲ್ಲಿ ಹೆಚ್ಚಿನವರು ಹೊರಹರಿವು ಕಳೆದು 5,000 ತೆಗೆಯುತ್ತಾರೆ. ಅಲ್ಲಿ ನಿಲ್ಲುತ್ತಾರೆ. ಸೆಕೆಂಡಿನ ಲೆಕ್ಕ ದಿನಕ್ಕೆ ಹೇಗೆ ಬರುತ್ತೆ? ಒಳ್ಳೆಯದು, ನಿಲ್ಲಿ. ಎಲ್ಲಿ ನಿಂತಿರಿ ಅನ್ನುವುದನ್ನು ಒಂದು ವಾಕ್ಯದಲ್ಲಿ ಬರೆಯಿರಿ. "ಕ್ಯೂಸೆಕ್‌ನಿಂದ ಟಿಎಂಸಿಗೆ ಹೋಗುವುದು ಗೊತ್ತಾಗುತ್ತಿಲ್ಲ" ಅಂತ. ಈ ಒಂದು ವಾಕ್ಯ ಬರೆಯಲು ಬರಬೇಕು. "ಏನೂ ಅರ್ಥ ಆಗಲಿಲ್ಲ" ಅಂದರೆ ನೀವಿನ್ನೂ ಪ್ರಶ್ನೆಯನ್ನೇ ಸರಿಯಾಗಿ ಓದಿಲ್ಲ.

ಎಚ್ಚರ: ಇಪ್ಪತ್ತು ನಿಮಿಷ ಅಂದರೆ ಎರಡು ಗಂಟೆ ಅಲ್ಲ. ಹಟಕ್ಕೆ ಬಿದ್ದು ರಾತ್ರಿಯೆಲ್ಲ ಒದ್ದಾಡಿ, ಬೇಜಾರಾಗಿ ಪುಸ್ತಕ ಮುಚ್ಚುವುದರಿಂದ ಏನೂ ಲಾಭವಿಲ್ಲ.

ಹಂತ 3: ಉತ್ತರ ಕೇಳಬೇಡಿ, ಸುಳಿವು ಕೇಳಿ

ಈಗ ಫೋನ್ ತರಬಹುದು. ಎಐಗೆ ನಾವು ಬರೆದು ಕೊಡುವ ಸೂಚನೆಗೆ ಪ್ರಾಂಪ್ಟ್ ಅನ್ನುತ್ತಾರೆ. ಪ್ರಶ್ನೆಯ ಫೋಟೋ ಹೊಡೆದು ಸುಮ್ನೆ ಹಾಕಿಬಿಟ್ಟರೆ ಅದು ಪೂರ್ತಿ ಉತ್ತರವನ್ನೇ ಕೊಡುತ್ತೆ. ಅದರ ತಪ್ಪೇನಿಲ್ಲ, ನೀವು ಕೇಳಿದ್ದೇ ಅದನ್ನು. ಹೀಗೆ ಬರೆದು ನೋಡಿ:

"ನಾನು ಎರಡನೇ ಪಿಯು ವಿದ್ಯಾರ್ಥಿ. ಈ ಲೆಕ್ಕ ಬಿಡಿಸುತ್ತಿದ್ದೇನೆ. ಒಳಹರಿವಿನಿಂದ ಹೊರಹರಿವು ಕಳೆದು 5,000 ಕ್ಯೂಸೆಕ್ ಅಂತ ತೆಗೆದಿದ್ದೇನೆ. ಇಲ್ಲಿಂದ ಟಿಎಂಸಿಗೆ ಹೋಗುವುದು ಗೊತ್ತಾಗುತ್ತಿಲ್ಲ. ಉತ್ತರ ಹೇಳಬೇಡಿ, ಲೆಕ್ಕ ಮಾಡಿ ತೋರಿಸಬೇಡಿ. ನನಗೆ ಒಂದೇ ಒಂದು ಪ್ರಶ್ನೆ ಕೇಳಿ. ನಾನು ಉತ್ತರಿಸಿದ ಮೇಲೆ ಮುಂದಿನದು ಕೇಳಿ."

ಸರಿಯಾಗಿ ನಡೆದರೆ ಅದು "ಒಂದು ದಿನದಲ್ಲಿ ಎಷ್ಟು ಸೆಕೆಂಡ್?" ಅಂತ ಕೇಳುತ್ತೆ. ನೀವು 24ನ್ನು 3,600ರಿಂದ ಗುಣಿಸಿ 86,400 ಅನ್ನುತ್ತೀರಿ. ಅಲ್ಲಿಗೆ ದಾರಿ ತೆರೆಯಿತು. 5,000ಕ್ಕೆ 86,400 ಗುಣಿಸಿದರೆ 43.2 ಕೋಟಿ ಘನ ಅಡಿ, ಅಂದರೆ ದಿನಕ್ಕೆ 0.432 ಟಿಎಂಸಿ. 5ನ್ನು 0.432ರಿಂದ ಭಾಗಿಸಿ. ಹನ್ನೊಂದೂವರೆ ದಿನಕ್ಕಿಂತ ಸ್ವಲ್ಪ ಜಾಸ್ತಿ. ಸುಳಿವು ಸಿಕ್ಕಿದ್ದು ಒಂದು, ಉಳಿದದ್ದೆಲ್ಲ ನಿಮ್ಮ ಕೈಯಲ್ಲೇ ಆಯಿತು.

ಇಲ್ಲಿ ಎಡವುವುದು ಎರಡು ಕಡೆ. ಮೊದಲನೆಯದು, ನಾಲ್ಕೈದು ಮಾತು ಆದಮೇಲೆ ಎಐ ನಿಮ್ಮ ಷರತ್ತು ಬಿಟ್ಟು ಪೂರ್ತಿ ಉತ್ತರ ಸುರಿಯಲು ಶುರು ಮಾಡಬಹುದು. "ಉತ್ತರ ಬೇಡ ಅಂದಿದ್ದೆ" ಅಂತ ನೆನಪಿಸಿ. ಅಷ್ಟರಲ್ಲಿ ಉತ್ತರ ಕಣ್ಣಿಗೆ ಬಿದ್ದುಹೋಗಿದ್ದರೆ ಆ ಲೆಕ್ಕ ಬಿಡಿ, ಅಂಥದ್ದೇ ಇನ್ನೊಂದು ಲೆಕ್ಕ ಕೊಡಲು ಹೇಳಿ.

ಎರಡನೆಯದು ಇನ್ನೂ ಮೋಸದ್ದು. ಎಐಗೆ ನಿಮ್ಮನ್ನು ಖುಷಿಪಡಿಸುವ ಚಾಳಿ ಇದೆ. ನೀವು ತಪ್ಪು ಹೇಳಿದರೂ "ತುಂಬಾ ಚೆನ್ನಾಗಿ ಯೋಚಿಸಿದ್ದೀರಿ" ಅಂದುಬಿಡಬಹುದು. ಅದಕ್ಕೆ ಆಗಾಗ ಬೇಕೆಂದೇ ತಪ್ಪು ಉತ್ತರ ಕೊಟ್ಟು ಪರೀಕ್ಷೆ ಮಾಡಿ. "115 ದಿನ ಬಂತು, ಸರಿನಾ?" ಅಂತ ಕೇಳಿ ನೋಡಿ. ಹೂಂ ಅಂದರೆ ಆ ದಿನ ಅದನ್ನು ನಂಬಬೇಡಿ.

ಹಂತ 4: ಎಐ ಹೇಳಿದ್ದನ್ನು ತೂಗಿ ನೋಡಿ

ಎಐ ಒಂದು ಮಾತಾದ ಮೇಲೆ ಇನ್ನೊಂದು ಯಾವುದು ಬರಬಹುದು ಅಂತ ಅಂದಾಜು ಮಾಡಿ ವಾಕ್ಯ ಕಟ್ಟುತ್ತೆ. ಅದಕ್ಕೇ ಇಲ್ಲದ ಸಂಗತಿಯನ್ನೂ ಇದ್ದಂತೆಯೇ ಹೇಳಬಲ್ಲದು. ಇದಕ್ಕೆ ಹ್ಯಾಲ್ಯುಸಿನೇಷನ್ ಅಂತ ಹೆಸರಿಟ್ಟಿದ್ದಾರೆ. ತಪ್ಪು ಹೇಳುವಾಗಲೂ ಅದರ ಧಾಟಿ ಬದಲಾಗಲ್ಲ. ತಡವರಿಸಲ್ಲ, ತಲೆ ಕೆರೆದುಕೊಳ್ಳಲ್ಲ. ಹಾಗಾಗಿ ಧೈರ್ಯವಾಗಿ ಹೇಳಿತು ಅಂತ ನಂಬುವ ಹಾಗಿಲ್ಲ.

ಲೆಕ್ಕಕ್ಕೆ ಅಂದಾಜು ಕಟ್ಟುವುದು ಕಲಿಯಿರಿ. ದಿನಪೂರ್ತಿ 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ. ಕಾವೇರಿ ಗಲಾಟೆಯ ವರ್ಷಗಳಲ್ಲಿ ಈ ಹನ್ನೊಂದೂವರೆ ಸಾವಿರದ ಲೆಕ್ಕ ಮಂಡ್ಯದ ಟೀ ಅಂಗಡಿಗಳಲ್ಲೇ ಓಡಾಡುತ್ತಿರುತ್ತೆ. ಅದರ ಪ್ರಕಾರ 5,000 ಕ್ಯೂಸೆಕ್ ದಿನಕ್ಕೆ ಅರ್ಧ ಟಿಎಂಸಿಯೂ ಆಗಲ್ಲ. 5 ಟಿಎಂಸಿಗೆ ಹತ್ತು ದಿನಕ್ಕಿಂತ ಜಾಸ್ತಿ ಬೇಕೇ ಬೇಕು. ಎಐ ಒಂದು ದಿನ ಅಂದರೂ ನೂರು ದಿನ ಅಂದರೂ ನಿಮಗೆ ತಕ್ಷಣ ಗೊತ್ತಾಗಬೇಕು. ಈ ಅಂದಾಜು ಬರುವುದು ಕೈಯಾರೆ ಲೆಕ್ಕ ಮಾಡಿದವರಿಗೆ. ಹಂತ 2 ಬಿಟ್ಟು ನೇರ ಇಲ್ಲಿಗೆ ಬಂದವರಿಗೆ ತೂಗಲು ತಕ್ಕಡಿಯೇ ಇರಲ್ಲ.

ಕನ್ನಡದ ವಿಷಯದಲ್ಲಂತೂ ಇನ್ನೂ ಹುಷಾರಾಗಿರಿ. ಎಸ್ಸೆಸ್ಸೆಲ್ಸಿ ಮಕ್ಕಳು ಸಂಧಿ ಕೇಳಿ ನೋಡಿ. ಮಳೆ, ಕಾಲ ಸೇರಿ ಮಳೆಗಾಲ. 'ಕ' ಹೋಗಿ 'ಗ' ಬಂದಿದೆ, ಅದು ಆದೇಶ ಸಂಧಿ. ಮನೆಯನ್ನು ಅನ್ನುವಲ್ಲಿ 'ಯ' ಹೊಸದಾಗಿ ಬಂದಿದೆ, ಅದು ಆಗಮ ಸಂಧಿ. ಇಂಥ ಸಣ್ಣ ವಿಷಯದಲ್ಲೂ ಎಐ ಹೆಸರು ಅದಲುಬದಲು ಮಾಡಿ, ಅದಕ್ಕೊಂದು ನಿಯಮವನ್ನೂ ತಾನೇ ಹುಟ್ಟಿಸಬಹುದು. ಕನ್ನಡ ಮಾಧ್ಯಮದಲ್ಲಿ ವಿಜ್ಞಾನ ಓದುವವರಿಗೆ ಇನ್ನೊಂದು ಕಾಟ: ಅದು ಬಳಸುವ ಪದ ನಿಮ್ಮ ಪಠ್ಯಪುಸ್ತಕದ ಪದ ಆಗಿರಬೇಕೆಂದಿಲ್ಲ. ಉತ್ತರ ಪತ್ರಿಕೆಯಲ್ಲಿ ಪುಸ್ತಕದ ಪದವನ್ನೇ ಬರೆಯಿರಿ.

ಹಂತ 5: ಎಲ್ಲಾ ಮುಚ್ಚಿ, ಖಾಲಿ ಹಾಳೆಯಲ್ಲಿ ಮತ್ತೆ ಮಾಡಿ

ಇದನ್ನು ಹಾರಿಸುವವರೇ ಜಾಸ್ತಿ. ಅರ್ಥ ಆಯ್ತಲ್ಲ, ಮತ್ತೇನು ಅಂತ. ಆದರೆ ಓದಿದ್ದು ಉಳಿಯುವುದು ಇಲ್ಲೇ.

2006ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕ್ ಒಂದು ಪ್ರಯೋಗ ಪ್ರಕಟಿಸಿದರು. ಕೆಲವರಿಗೆ ಒಂದು ಪಾಠವನ್ನು ಎರಡು ಸಲ ಓದಿಸಿದರು. ಉಳಿದವರಿಗೆ ಒಂದು ಸಲ ಓದಿಸಿ, ಆಮೇಲೆ ನೋಡದೆ ನೆನಪಿನಿಂದ ಬರೆಸಿದರು. ಐದು ನಿಮಿಷದ ನಂತರ ಕೇಳಿದರೆ ಎರಡು ಸಲ ಓದಿದವರೇ ಮುಂದು: 81%, ಬರೆದವರು 75%. ಒಂದು ವಾರದ ನಂತರ ಕೇಳಿದಾಗ ಓದಿದವರು 42%ಕ್ಕೆ ಇಳಿದಿದ್ದರು, ಬರೆದವರು 56% ಉಳಿಸಿಕೊಂಡಿದ್ದರು. ಎಐ ವಿವರಣೆ ಓದಿ "ಹಾ, ಗೊತ್ತಾಯ್ತು" ಅನ್ನುವುದು ಆ ಐದು ನಿಮಿಷದ ಗೆಲುವು. ಪರೀಕ್ಷೆ ಇರುವುದು ವಾರದ ನಂತರ.

ಬಾಯಲ್ಲಿ ಹೇಳಿದರೂ ನಡೆಯುತ್ತೆ. ಸಂಜೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕ್ ಹೋಗುವವರು ಸ್ನೇಹಿತನಿಗೆ ಪಾಠ ಹೇಳುತ್ತಾ ಹೋಗಿ. ಎಲ್ಲಿ ಮಾತು ತಡವರಿಸಿತೋ ಅಲ್ಲಿ ಇನ್ನೂ ಗೊತ್ತಿಲ್ಲ ಅಂತ ಲೆಕ್ಕ.

ಹಂತ 6: ಬಿಟ್ಟು ಬಿಟ್ಟು ಕೇಳಿಕೊಳ್ಳಿ

ಅದೇ ವಿಷಯವನ್ನು ಎರಡು ದಿನ ಬಿಟ್ಟು, ವಾರ ಬಿಟ್ಟು ಮತ್ತೆ ನೋಡದೆ ಮಾಡಿ. ಎಐ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ. ನಿಮ್ಮದೇ ನೋಟ್ಸ್ ಹಾಕಿ "ಇದರ ಮೇಲೆ ಹತ್ತು ಪ್ರಶ್ನೆ ಕೊಡಿ, ಉತ್ತರ ಈಗ ಬೇಡ" ಅನ್ನಿ. ಪ್ರಶ್ನೆ ಬರೆಯುವುದು ಬರೀ ಕೆಲಸ, ಉತ್ತರಿಸುವುದು ಕಲಿಕೆ.

ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಓಡಾಡುವವರಿಗೆ ಸುಲಭದ ದಾರಿ ಇದೆ. ಮಂಡ್ಯ ಬಿಟ್ಟಾಗಿನಿಂದ ಪಾಂಡವಪುರ ಬರುವವರೆಗೆ ಫೋನ್ ಜೇಬಿನಲ್ಲೇ ಇರಲಿ, ನಿನ್ನೆ ಕಲಿತದ್ದನ್ನು ನೆನಪಿಸಿಕೊಳ್ಳಿ. ಶ್ರೀರಂಗಪಟ್ಟಣ ದಾಟಿದ ಮೇಲೆ ನೋಟ್ಸ್ ತೆರೆದು ಏನು ಬಿಟ್ಟುಹೋಯಿತು ಅಂತ ನೋಡಿ. ಸೀಟು ಸಿಗದಿದ್ದರೂ ಮಾಡಬಹುದಾದ ಓದು ಇದೊಂದೇ.

ಪ್ರೋಗ್ರಾಮಿಂಗ್ ಕಲಿಯುವವರಿಗೆ

ಮೇಲಿನ ಹಂತಗಳೇ, ಸ್ವಲ್ಪ ಬದಲಾವಣೆ. ಕೋಡ್‌ನಲ್ಲಿ ಎರರ್ ಬಂದ ತಕ್ಷಣ ಕಾಪಿ ಮಾಡಿ ಎಐಗೆ ಹಾಕುವ ಅಭ್ಯಾಸ ಬಿಡಿ. ಮೊದಲು ಎರರ್ ಓದಿ. ಪೈಥಾನ್‌ನಲ್ಲಿ 'ಲಿಸ್ಟ್ ಇಂಡೆಕ್ಸ್ ಔಟ್ ಆಫ್ ರೇಂಜ್' ಅಂತ ಬಂದರೆ ಅದೇ ಎಲ್ಲಾ ಹೇಳಿದೆ. ಪಟ್ಟಿಯಲ್ಲಿ ಇಲ್ಲದ ಜಾಗ ಕೇಳಿದ್ದೀರಿ. ಹತ್ತು ಹೆಸರಿನ ಪಟ್ಟಿಯಲ್ಲಿ ಎಣಿಕೆ 0ರಿಂದ 9ರ ತನಕ, ನೀವು 10 ಕೇಳಿರಬಹುದು. ಯಾವ ಸಾಲು ಅನ್ನುವುದನ್ನೂ ಅದೇ ತೋರಿಸುತ್ತೆ. ಇದನ್ನು ಓದಿ ತಿದ್ದಲು ಬಂದರೆ ಕಾಲು ಭಾಗ ಪ್ರೋಗ್ರಾಮಿಂಗ್ ಬಂದ ಹಾಗೆ.

ಎಐ ಬರೆದ ಕೋಡ್ ಬಳಸಲೇಬೇಕಾಯಿತು ಅಂದುಕೊಳ್ಳಿ. ಓದಿ, ಅರ್ಥ ಮಾಡಿಕೊಂಡು, ಪೂರ್ತಿ ಅಳಿಸಿ, ನೆನಪಿನಿಂದ ಮತ್ತೆ ಬರೆಯಿರಿ. ಆಮೇಲೆ ಪ್ರತಿ ಸಾಲಿಗೂ "ಈ ಸಾಲು ತೆಗೆದರೆ ಏನಾಗುತ್ತೆ?" ಅಂತ ಕೇಳಿಕೊಳ್ಳಿ. ಲ್ಯಾಬ್ ಎಕ್ಸಾಮ್‌ನಲ್ಲಿ ಹೊರಗಿನಿಂದ ಬಂದ ಎಕ್ಸಾಮಿನರ್ ಔಟ್‌ಪುಟ್ ನೋಡಿ ತಲೆಯಾಡಿಸಿ, ಯಾವುದೋ ಒಂದು ಸಾಲಿನ ಮೇಲೆ ಬೆರಳಿಟ್ಟು ಕೇಳುವುದು ಇದನ್ನೇ. ಕೆಲಸದ ಸಂದರ್ಶನದಲ್ಲೂ ಇದನ್ನೇ.

ಇಂಗ್ಲಿಷ್ ಬರವಣಿಗೆಗೆ

"ಲೆಟರ್ ಬರೆಯಲು ಬರಲ್ಲ, ಅದಕ್ಕೆ ಎಐ" ಅನ್ನುವವರು ನಮ್ಮ ಕಡೆ ಬಹಳ. ಅರ್ಜೆಂಟಾಗಿ ಒಂದು ಅರ್ಜಿ ಬೇಕಾದರೆ ಬರೆಸಿಕೊಳ್ಳಿ, ತಪ್ಪಿಲ್ಲ. ಇಂಗ್ಲಿಷ್ ಬರಬೇಕು ಅನ್ನುವ ಆಸೆ ಇದ್ದರೆ ಮಾತ್ರ ಮೊದಲ ಪ್ರತಿ ನಿಮ್ಮದೇ ಇರಲಿ, ಎಷ್ಟೇ ಹರಕುಮುರುಕಾಗಿದ್ದರೂ. ಆಮೇಲೆ "ತಪ್ಪಿರುವ ಜಾಗಕ್ಕೆ ಗುರುತು ಮಾತ್ರ ಹಾಕಿ, ತಿದ್ದಬೇಡಿ" ಅನ್ನಿ. ತಿದ್ದುವ ಕೆಲಸ ನಿಮ್ಮದು.

2025ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 54 ಜನರ ಮೇಲೆ ಒಂದು ಸಣ್ಣ ಅಧ್ಯಯನ ಮಾಡಿ ಹೊರಗೆ ಬಿಟ್ಟರು. ಎಐ ಬಳಸಿ ಪ್ರಬಂಧ ಬರೆದ 18 ಜನರಲ್ಲಿ 15 ಜನಕ್ಕೆ ತಾವು ಆಗಷ್ಟೇ ಬರೆದ ಪ್ರಬಂಧದ ಒಂದು ವಾಕ್ಯವನ್ನೂ ಸರಿಯಾಗಿ ಹೇಳಲು ಆಗಲಿಲ್ಲ. ಇಷ್ಟು ಕಡಿಮೆ ಜನರ ಅಧ್ಯಯನದಿಂದ ದೊಡ್ಡ ತೀರ್ಪು ಕೊಡಬಾರದು. ಆದರೆ ನಿಮ್ಮ ಹಿಂದಿನ ಅಸೈನ್‌ಮೆಂಟ್ ನೆನಪಿಸಿಕೊಳ್ಳಿ, ಎಷ್ಟು ವಾಕ್ಯ ಬರುತ್ತೆ ನೋಡೋಣ.

ಕೆಲಸಕ್ಕೆ ಸೇರಿದವರಿಗೆ

"ನಮಗೆ ಆಗಲೇ ಬರುತ್ತೆ, ಮರೆಯೋದೆಲ್ಲಿ?" ಅನ್ನಬೇಡಿ. ಪೋಲೆಂಡ್‌ನಲ್ಲಿ ದೊಡ್ಡ ಕರುಳಿನ ಕ್ಯಾಮೆರಾ ಪರೀಕ್ಷೆ ಮಾಡುವ ಡಾಕ್ಟರುಗಳ ಮೇಲೆ ನಡೆದ ಅಧ್ಯಯನ 2025ರಲ್ಲಿ ಪ್ರಕಟವಾಯಿತು. ಒಬ್ಬೊಬ್ಬರೂ 2,000ಕ್ಕಿಂತ ಹೆಚ್ಚು ಪರೀಕ್ಷೆ ಮಾಡಿ ಪಳಗಿದವರು. ಅವರ ಆಸ್ಪತ್ರೆಗಳಿಗೆ ಎಐ ಬಂದ ಮೇಲೆ, ಎಐ ಇಲ್ಲದೆ ಮಾಡಿದ ಪರೀಕ್ಷೆಗಳಲ್ಲಿ ಮುಂದೆ ಕ್ಯಾನ್ಸರ್ ಆಗಬಹುದಾದ ಗಂಟುಗಳು ಪತ್ತೆಯಾಗುವ ಪ್ರಮಾಣ 28.4%ರಿಂದ 22.4%ಕ್ಕೆ ಇಳಿದಿತ್ತು. ಎಐ ಒಂದೇ ಕಾರಣ ಅಂತ ಇದರಿಂದ ಖಚಿತವಾಗಿ ಹೇಳಲಾಗದು. ಆದರೂ ವಾರಕ್ಕೆ ಒಂದು ಕೆಲಸವನ್ನಾದರೂ ಎಐ ಇಲ್ಲದೆ ಮೊದಲಿನಿಂದ ಕೊನೆಯವರೆಗೆ ಮಾಡಿ. ಸಣ್ಣದೇ ಆಗಲಿ.

ಒಂದು ಸೆಮಿಸ್ಟರ್ ಪೂರ್ತಿ ಎಐ ಮೇಲೇ ಓಡಿಸಿದ್ದೇನೆ, ಈಗೇನು ಮಾಡಲಿ?

ಹಿಂದಿನ ಎಲ್ಲಾ ಅಸೈನ್‌ಮೆಂಟ್ ಮತ್ತೆ ಮಾಡಲು ಹೋಗಬೇಡಿ, ಮುಗಿಯಲ್ಲ. ಪ್ರತಿ ವಿಷಯದಲ್ಲೂ ಮುಂದಿನ ಸೆಮಿಸ್ಟರ್‌ಗೆ ಬೇಕೇ ಬೇಕಾದ ಎರಡೋ ಮೂರೋ ಸಂಗತಿ ಆರಿಸಿ. ಯಾವುದು ಅಂತ ಗೊತ್ತಾಗದಿದ್ದರೆ ಲೆಕ್ಚರರ್ ಅವರನ್ನು ಕೇಳಿ, ಬೈದರೂ ಹೇಳುತ್ತಾರೆ. ಅಷ್ಟಕ್ಕೆ ಮಾತ್ರ ಹಂತ 2ರಿಂದ 6ರವರೆಗೆ ಮಾಡಿ. ಮೊದಲ ವಾರ ಕಿರಿಕಿರಿ ಆಗುತ್ತೆ, ಹತ್ತು ನಿಮಿಷಕ್ಕೇ ಕೈ ಫೋನಿನ ಕಡೆ ಹೋಗುತ್ತೆ. ಹಾಗಿದ್ದರೆ ಇಪ್ಪತ್ತರ ಬದಲು ಹತ್ತು ನಿಮಿಷದಿಂದಲೇ ಶುರು ಮಾಡಿ.

ಅಪ್ಪ ಅಮ್ಮಂದಿರಿಗೆ

ಫೋನ್ ಕಿತ್ತಿಟ್ಟುಕೊಳ್ಳಬೇಕಾ ಅಂತ ಕೇಳುತ್ತೀರಿ. ಬೇಡ, ಸ್ನೇಹಿತರ ಫೋನ್ ಇದ್ದೇ ಇರುತ್ತೆ. ನಿಮಗೆ ಆ ವಿಷಯ ಗೊತ್ತಿರಬೇಕೆಂದೂ ಇಲ್ಲ. ಊಟಕ್ಕೆ ಕೂತಾಗ "ಇವತ್ತು ಕಲಿತದ್ದು ನನಗೆ ಅರ್ಥ ಆಗೋ ಹಾಗೆ ಹೇಳು ಮಗಾ" ಅನ್ನಿ. ಆಮೇಲೆ ರಫ್ ನೋಟ್‌ಬುಕ್ ತೆಗೆಸಿ ನೋಡಿ. ಹೊಡೆದುಹಾಕಿದ ಗೆರೆ, ಅರ್ಧಕ್ಕೆ ನಿಂತ ಲೆಕ್ಕ, ಪಕ್ಕದಲ್ಲಿ ಮತ್ತೆ ಮಾಡಿದ ಗುಣಾಕಾರ ಇದ್ದರೆ ಓದು ಸರಿಯಾಗೇ ನಡೆದಿದೆ, ಬೈಯಬೇಡಿ. ಒಂದು ಚಿತ್ತೂ ಇಲ್ಲದೆ ಪುಟಗಟ್ಟಲೆ ಉತ್ತರ ಇದ್ದರೆ, ಅದರಲ್ಲಿ ಒಂದನ್ನು ಮುಚ್ಚಿಟ್ಟು ಮತ್ತೆ ಮಾಡಲು ಹೇಳಿ.